ಕಪ್ಪಿನವನು ಎದ್ದುಹೋದ ಮೇಲೆ

ಪದ್ಮಲತಾಗೆ ಮೊದಲು ಸಿಟ್ಟು ಬಂದದ್ದು ಪುಸ್ತಕದ ಮೇಲೆ. ಹಿಂದೂಪುರದ ಹುಣಸೆ ಮಂಡಿಯ ಹಿಂದಿನ ಬೀದಿಯಲ್ಲಿ ಅವಳೂ ಗಂಡ ಬಾಲಾಜಿಯೂ ಮೆಡಿಕಲ್ ಶಾಪ್ ನಡೆಸುತ್ತಾರೆ. ಗಿರಾಕಿಗಳಿಲ್ಲದ ಮಧ್ಯಾಹ್ನ ಅವಳು ಕೌಂಟರಿನ ಮೇಲೆ ಚೆಸ್ ಮಣೆ ಹರಡಿ, ಹಳೆಯ ಕಾಲದ ದೊಡ್ಡ ಆಟಗಾರರ ಪಂದ್ಯಗಳನ್ನು ಪುಸ್ತಕ ನೋಡಿಕೊಂಡು ಒಂದೊಂದೇ ನಡೆಯಾಗಿ ಆಡಿಸುತ್ತಿದ್ದಳು. ಮುಂದಿನ ನಡೆಯನ್ನು ಅಂಗೈಯಿಂದ ಮುಚ್ಚಿ ತಾನೇ ಊಹಿಸುವುದು, ಆಮೇಲೆ ಕೈ ತೆಗೆದು ನೋಡುವುದು. ತಪ್ಪಾದರೆ ಹಲ್ಲು ಕಚ್ಚಿ ಮತ್ತೆ ಮೊದಲಿನಿಂದ.

ಅವತ್ತಿನ ಪಂದ್ಯದ ಕೊನೆಯಲ್ಲಿ ಇಬ್ಬರಿಗೂ ಒಂದೊಂದು ಆನೆ ಉಳಿದಿತ್ತು. ಬಿಳಿಯವನಿಗೆ ಹೆಚ್ಚಿಗೆ ಇದ್ದದ್ದು ಒಂದೇ ಒಂದು ಸಿಪಾಯಿ. ಅಷ್ಟಕ್ಕೇ ಕಪ್ಪಿನವನು ಸೋಲೊಪ್ಪಿ ಎದ್ದುಹೋಗಿದ್ದ. ಕೆಳಗೆ ಒಂದು ಸಾಲು: ಮುಂದಿನದು ಎಲ್ಲರಿಗೂ ಗೊತ್ತಿರುವುದೇ.

"ಯಾರಿಗ್ರೀ ಗೊತ್ತು?" ಎಂದು ಅವಳು ಗಂಡನನ್ನು ಕೇಳಿದಳು. ಔಷಧಿಯ ಡಬ್ಬ ಜೋಡಿಸುತ್ತಿದ್ದ ಬಾಲಾಜಿ, ತನಗಂತೂ ಗೊತ್ತಿಲ್ಲ ಎಂದ.

ಪುಸ್ತಕದ ಆ ಮಾತು ಅವಳಿಗೆ ಹೊಸದಲ್ಲ. ಕಲ್ಯಾಣದುರ್ಗದ ತವರುಮನೆಯ ಜಗಲಿಯಲ್ಲಿ ಅಪ್ಪ ಜಯರಾಮಪ್ಪ ಮಗ ಚಂದ್ರಮೋಹನನಿಗೆ ಚೆಸ್ ಹೇಳಿಕೊಡುವಾಗ ಅವಳ ಕೆಲಸ ಕಾಯಿ ಜೋಡಿಸಿ ನೀರು ತಂದಿಡುವುದು. ಆಟ ಯಾಕೆ ಅಲ್ಲಿಗೆ ನಿಂತಿತು ಎಂದು ಕೇಳಿದರೆ, ಗೊತ್ತಿರೋರಿಗೆ ಗೊತ್ತಾಯ್ತದೆ ಬಿಡಮ್ಮ ಎನ್ನುತ್ತಿದ್ದ ಅಪ್ಪ. ಅಣ್ಣ ಶಾಲೆಯಲ್ಲಿದ್ದಾಗ ಜಿಲ್ಲಾ ಮಟ್ಟದ ಕಪ್ ಗೆದ್ದ. ಈಗ ಸಿಮೆಂಟು, ಕಬ್ಬಿಣದ ಅಂಗಡಿ ಇಟ್ಟುಕೊಂಡಿದ್ದರೂ ನೆಂಟರ ಬಾಯಲ್ಲಿ ಅವನು ಇನ್ನೂ ಚಾಂಪಿಯನ್. ಹೊಸದು ಕಟ್ಟಲೆಂದು ಹಳೆಯ ಮನೆ ಖಾಲಿ ಮಾಡುವಾಗ ಅವನು ಗುಜರಿಗೆಂದು ಹೊರಗೆ ಹಾಕಿದ ರಾಶಿಯಿಂದಲೇ ಅವಳು ಈ ಪುಸ್ತಕವನ್ನು ಎತ್ತಿಕೊಂಡು ಬಂದದ್ದು. ಒಳಗಿನ ಹಾಳೆಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಯಾರೂ ಬಿಡಿಸಿರಲಿಲ್ಲ.

ಕಪ್ಪಿನವನು ಎಲ್ಲಿ ಎದ್ದುಹೋದನೋ ಅಲ್ಲಿಂದ ತಾನು ಆಡುತ್ತೇನೆ ಎಂದು ಅವಳು ಹಟ ಹಿಡಿದಳು. ಬಾಲಾಜಿಗೆ ಕಾಯಿಗಳ ನಡೆ ಗೊತ್ತು, ಅಷ್ಟೆ. ಅವನನ್ನು ಕಪ್ಪಿನ ಕಡೆ ಕೂರಿಸಿದಳು. ಅವಳ ಸಿಪಾಯಿ ಕೊನೆಯ ಮನೆಗೆ ಒಂದೇ ಹೆಜ್ಜೆ ದೂರ, ಆದರೆ ದಾರಿಗೆ ಅವಳ ರಾಜನೇ ಅಡ್ಡ. ರಾಜ ಹೊರಗೆ ಬಂದರೆ ಬಾಲಾಜಿಯ ಆನೆ ಚೆಕ್ ಕೊಡುತ್ತದೆ, ಮತ್ತೆ ಒಳಗೆ. ಗೆಲ್ಲಬೇಕಾದ ಆಟ ದಿನಗಟ್ಟಲೆ ಡ್ರಾ ಆಯಿತು. ಪುಸ್ತಕ ಬರೆದವನನ್ನು ಅವಳು ತೆಲುಗಿನಲ್ಲಿ ಬೈದಳು, ಕನ್ನಡದಲ್ಲಿ ಬೈದಳು. ಉತ್ತರವನ್ನು ಫೋನಿನಲ್ಲಿ ಹುಡುಕಿಬಿಡು ಎಂದ ಗಂಡನ ಮೇಲೂ ರೇಗಿದಳು.

ಕೊನೆಗೆ ಒಂದು ಸಂಜೆ, ಕೆಮ್ಮಿನ ಸಿರಪ್ ಕೇಳಿ ಬಂದ ಗಿರಾಕಿಯನ್ನು ಕಾಯಿಸಿ, ಅವಳು ಆನೆಯನ್ನು ನಾಲ್ಕನೆಯ ಸಾಲಿಗೆ ತಂದು ಸುಮ್ಮನೆ ನಿಲ್ಲಿಸಿದಳು. ರಾಜ ಹೊರಬಂತು. ಚೆಕ್ ತಪ್ಪಿಸಿಕೊಳ್ಳುತ್ತ ಕೆಳಗಿಳಿಯಿತು. ಕೊನೆಯ ಚೆಕ್ಕಿಗೆ ಆ ಆನೆ ಬಂದು ನಡುವೆ ನಿಂತಿತು. ಸಿಪಾಯಿಯನ್ನು ತಡೆಯುವವರು ಯಾರೂ ಇರಲಿಲ್ಲ. ಅವಳಿಗೆ ಸಂತೋಷಕ್ಕಿಂತ ಕೋಪವೇ ಹೆಚ್ಚಾಯಿತು. ಇಷ್ಟನ್ನು ಹೇಳುವುದಕ್ಕೆ ಎರಡು ಸಾಲು ಸಾಕಿತ್ತಲ್ಲ!

ಹೊಸ ಮನೆಯ ಗೃಹಪ್ರವೇಶಕ್ಕೆ ಅಣ್ಣ ಕರೆದ. ಪೆನುಕೊಂಡದಲ್ಲಿ ಬಸ್ ಬದಲಿಸಿ ಗಂಡಹೆಂಡತಿ ಕಲ್ಯಾಣದುರ್ಗಕ್ಕೆ ಹೋದರು. ಪೂಜೆ ಮುಗಿದು ಅಡಿಗೆಯವರು ಎಲೆ ಹಾಕುವುದು ತಡವಾದಾಗ ಅಣ್ಣ ಗಂಡಸರ ನಡುವೆ ಮಣೆ ಇಟ್ಟುಕೊಂಡು ಕೂತ. ಎದುರಿಗೆ ಕೂತವರನ್ನೆಲ್ಲ ಸೋಲಿಸಿದ. ಪದ್ಮಲತಾ ಹೋಗಿ ಖಾಲಿ ಕುರ್ಚಿಯಲ್ಲಿ ಕೂತಳು. ಅಣ್ಣ ನಕ್ಕು ಬಿಳಿ ಕಾಯಿಗಳನ್ನು ಅವಳ ಕಡೆ ತಳ್ಳಿದ.

ಅವನು ಚೆನ್ನಾಗಿಯೇ ಆಡಿದ. ನಡುವೆ ಅವಳು ಒಂದು ಕುದುರೆ ಕಳೆದುಕೊಂಡಳು. ಅದಕ್ಕೆ ಬದಲು ಸಿಪಾಯಿಗಳನ್ನು ಕಿತ್ತು, ಮಿಕ್ಕ ಕಾಯಿಗಳನ್ನು ಬದಲಾಯಿಸುತ್ತ ಹೋದಳು. ಕೊನೆಗೆ ಇಬ್ಬರಿಗೂ ಒಂದೊಂದು ಆನೆ ಉಳಿಯಿತು. ಅವನಿಗೆ ಮಾತ್ರ ಒಂದು ಸಿಪಾಯಿ ಹೆಚ್ಚು. ಅದೂ ಕೊನೆಯ ಮನೆಗೆ ಒಂದು ಹೆಜ್ಜೆ ದೂರದಲ್ಲಿ, ಅವನ ರಾಜನ ಬೆನ್ನಿಗೆ.

"ಸೋತೋದೆ ಕಣಮ್ಮ, ಎದ್ದೇಳು. ಊಟಕ್ಕೆ ಹೊತ್ತಾಯ್ತು," ಎಂದು ಅಣ್ಣ ಕೈ ಚಾಚಿದ.

"ನಾನು ಏಳಾಕಿಲ್ಲ ಅಣ್ಣ. ಗೆದ್ದು ತೋರ್ಸು."

"ಇದ್ರಲ್ಲಿ ತೋರ್ಸೋದೇನು? ಗೊತ್ತಿರೋದೇ ತಾನೆ."

"ಗೊತ್ತಿದ್ರೆ ಆಡು."

ಅಪ್ಪ ಪಕ್ಕದಿಂದ, "ಇಂಕ ಚಾಲು ಲೇಮ್ಮಾ," ಎಂದು ತೆಲುಗಿನಲ್ಲಿ ಗದರಿದ. ಸಾಕು ಎಂದರೂ ಅವಳು ತಲೆ ಎತ್ತಲಿಲ್ಲ. ಅಣ್ಣ ಆಡಿದ. ಅವನ ರಾಜ ಹೊರಗೆ ಬಂತು, ಅವಳು ಚೆಕ್ ಕೊಟ್ಟಳು, ಒಳಗೆ ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಎಲೆ ಹಾಕಿದರು, ಯಾರೋ ಬಂದು ಕರೆದರು. ನೋಡುತ್ತಿದ್ದವರು ಒಬ್ಬೊಬ್ಬರಾಗಿ ಎದ್ದರು. ಅಣ್ಣನ ಕಿವಿ ಕೆಂಪಾಯಿತು. ತಾಳ್ಮೆಗೆಟ್ಟು ಅವನು ರಾಜನನ್ನು ದೂರ ನಡೆಸಿಬಿಟ್ಟ. ಅವಳ ಆನೆ ಸಿಪಾಯಿಯನ್ನು ಕಡಿಯಿತು. ಡ್ರಾ.

ತಾನೇ ತಂಗಿಗೆ ಬಿಟ್ಟುಕೊಟ್ಟೆ ಎಂದು ಅಣ್ಣ ಎಲ್ಲರಿಗೂ ಕೇಳುವಂತೆ ಹೇಳಿದ.

ಅವಳು ಕಾಯಿಗಳನ್ನು ಅವನು ಕೈ ಚಾಚಿದಾಗ ಇದ್ದಂತೆಯೇ ಇಟ್ಟು, ಮಣೆಯನ್ನು ತಿರುಗಿಸಿ, ಅವನ ಕಡೆಯನ್ನು ತಾನು ತೆಗೆದುಕೊಂಡಳು. ಈಗ ನೀನು ನನ್ನನ್ನು ತಡೆ ಎಂದಳು. ಆನೆಯನ್ನು ನಾಲ್ಕನೆಯ ಸಾಲಿಗೆ ತಂದಳು. ಆಮೇಲಿನದು ಬೇಗ ಮುಗಿಯಿತು. ಅಣ್ಣ ಮಣೆಯನ್ನೇ ನೋಡುತ್ತ ಕೂತ.

"ಒಂದು ಆಟಕ್ಕೆ ಇಷ್ಟು ಕ್ವಾಪವೇನಮ್ಮ?" ಎಂದ ಅಪ್ಪ.

"ಆಟದ ಮೇಲಲ್ಲಪ್ಪ," ಎಂದಳು ಪದ್ಮಲತಾ. "ಜಗಲಿ ಮೇಲೆ ನಾನೂ ಇದ್ದೆ. ನೀನು ಒಂದು ದಿನ ಕೂಡ ಕೂತ್ಕೋ ಅನ್ನಲಿಲ್ಲ."

ಜಯರಾಮಪ್ಪ ಕೈ ತೊಳೆಯಲು ಹೋದ.

ಅಣ್ಣ ಅಂದಿನಿಂದ ಫೋನ್ ಮಾಡಿಲ್ಲ. ಅವಳೂ ಮಾಡಿಲ್ಲ. ಊರಲ್ಲಿ ಭಾನುವಾರ ನಡೆಯುವ ಸ್ಪರ್ಧೆಗಳಿಗೆ ಈಗ ಹೋಗುತ್ತಾಳೆ, ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಯುಗಾದಿ ಕಳೆದ ಮೇಲೆ ಅಪ್ಪ ಒಬ್ಬನೇ ಹಿಂದೂಪುರಕ್ಕೆ ಬಂದು ಅಂಗಡಿಯ ಸ್ಟೂಲಿನ ಮೇಲೆ ಬಹಳ ಹೊತ್ತು ಕೂತಿದ್ದ. ಕೌಂಟರಿನ ಮೇಲೆ ಮಣೆ ಅರ್ಧ ಆಟಕ್ಕೆ ನಿಂತಿತ್ತು. ಅವನು ಒಂದು ಕುದುರೆಯನ್ನು ಮುಟ್ಟಿ, ಏನೋ ಕೇಳಹೊರಟು, ಕೈ ಹಿಂದಕ್ಕೆ ತೆಗೆದುಕೊಂಡ. ಅವಳು ಅವನಿಗೆ ಬಿ.ಪಿ. ಮಾತ್ರೆಗಳನ್ನು ಕವರಿಗೆ ಹಾಕಿ ಕೊಟ್ಟಳು. ಆಮೇಲೆ ಬಸ್ಸಿಗೆ ಹೊತ್ತಾಗುತ್ತದೆ ಎಂದು ನೆನಪಿಸಿದಳು.