ಮೂರನೇ ನಂಬರಿನ ಕಾಗದಗಳಿಗೆ ಮನೆತನ ಹಚ್ಚಿದ್ದು

ಇದನ್ನು ಹೇಳಬೇಕೆಂದು ಎಷ್ಟೋ ಸಲ ಕೂತೆ, ಎದ್ದೆ. ಮೊಮ್ಮಗಳ ಮದುವೆ ಆಗಲಿ ಎಂದೆ, ಕಣ್ಣಿನ ಆಪರೇಷನ್ ಆಗಲಿ ಎಂದೆ. ಎರಡೂ ಆದವು. ಇನ್ನು ನೆಪ ಉಳಿದಿಲ್ಲ.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ತೊಂಬತ್ತರ ದಶಕದಲ್ಲಿ ಸಿಂಧನೂರಿನಲ್ಲಿ ಗುಮಾಸ್ತನಾಗಿದ್ದೆ. ನಮ್ಮ ಸಾಹುಕಾರರಿಗೆ ಮೂರು ಅಂಗಡಿಗಳಿದ್ದವು: ಸಿಂಧನೂರಿನಲ್ಲಿ ಗೊಬ್ಬರ, ಮಸ್ಕಿಯಲ್ಲಿ ಬೀಜ, ಲಿಂಗಸುಗೂರಿನಲ್ಲಿ ಪಂಪಿನ ಬಿಡಿಭಾಗ. ಮೂರೂ ಒಂದೇ ದಾರಿಯ ಊರುಗಳು. ದಿನದ ಕಾಗದಗಳು ಬಟ್ಟೆಯ ಚೀಲದಲ್ಲಿ ಬಸ್ಸಿಗೆ ಬರುತ್ತಿದ್ದವು. ಕಂಡಕ್ಟರು ಚೀಲವನ್ನು ನನ್ನ ಕೈಗಿಟ್ಟು, "ತಗೋರಿ, ಬೀಗರು ಬುತ್ತಿ ಕಳಿಸ್ಯಾರ" ಅನ್ನುತ್ತಿದ್ದರು.

ಸಾಹುಕಾರರು ಕಂಪ್ಯೂಟರ್ ತಂದರು. ಅದಕ್ಕೆಂದೇ ಗಾಜಿನ ಕಿಟಕಿಯ ಒಂದು ಕೋಣೆ ಆಯಿತು. ದೇವರ ಗುಡಿಗೆ ಹೋದಂತೆ ನಾವೆಲ್ಲ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುತ್ತಿದ್ದೆವು. ರಾಯಚೂರಿನ ಇಂಜಿನಿಯರೊಬ್ಬರು ಬಂದು, ಮೂರೂ ಅಂಗಡಿಗಳ ಕಾಗದ ಒಂದೇ ಯಂತ್ರಕ್ಕೆ ಹೋಗುವಂತೆ ಪ್ರೋಗ್ರಾಮ್ ಬರೆದುಕೊಟ್ಟು ಹೋದರು. ಕಾಗದದ ನಂಬರು ಒತ್ತಿದರೆ, ಯಾವ ಗೋದಾಮಿನಿಂದ ಏನು ಹೋಗಬೇಕೆಂದು ಯಂತ್ರ ಹೇಳುತ್ತಿತ್ತು.

ಯಾರಿಗೂ ಹೊಳೆಯದ ಸಂಗತಿ ಒಂದಿತ್ತು. ಪ್ರತಿ ಅಂಗಡಿಯೂ ಮೊದಲಿನಿಂದ ತನ್ನ ಬಗೆಬಗೆಯ ಕಾಗದಗಳಿಗೆ ತಾನೇ ಒಂದು, ಎರಡು, ಮೂರು ಎಂದು ನಂಬರು ಕೊಟ್ಟುಕೊಂಡಿತ್ತು. ನಮ್ಮ ಮೂರನೇ ನಂಬರು ಎಂದರೆ ಗೊಬ್ಬರ ಕಳಿಸಿ. ಲಿಂಗಸುಗೂರಿನದು, ಬಿಡಿಭಾಗ ಬೇಕು. ಮಸ್ಕಿಯದು, ಬೀಜ ವಾಪಸು ಬಂದಿದೆ. ಯಂತ್ರಕ್ಕೆ ಮೂರೂ ಒಂದೇ.

ಮೊದಲ ವಾರವೇ ಲಿಂಗಸುಗೂರಿನ ಅಂಗಡಿಯವರ ಫೋನು ಬಂತು.

"ಏನ್ ಮಾಡಾಕತ್ತೀರಿ ಸಾಹೇಬರ? ಅರವತ್ತು ನಟ್ಟು ಕೇಳಿದ್ರ ಅರವತ್ತು ಚೀಲ ಯೂರಿಯಾ ಬಂದಾವ. ಪಂಪಿಗೆ ಉಣಸಲೇನು?"

ಸಾಹುಕಾರರು ನಗಲಿಲ್ಲ. ಈ ಗೋಜಲು ಬಿಡಿಸಿದವರನ್ನು ರಾಯಚೂರಿಗೆ ಕಳಿಸಿ ಕಂಪ್ಯೂಟರ್ ಕಲಿಸುತ್ತೇನೆ, ಆಮೇಲೆ ಆ ಕೋಣೆ ಅವರದೇ ಎಂದರು.

ಆ ಕೋಣೆಯ ಮೇಲೆ ಮೊದಲಿನಿಂದಲೂ ಆಸೆ ಇಟ್ಟವಳು ಒಬ್ಬಳಿದ್ದಳು, ಮಸ್ಕಿಯ ಗುಮಾಸ್ತೆ. ಬಳಗಾನೂರಿನಿಂದ ದಿನಾ ಬಸ್ಸಿಗೆ ಬರುವಾಕೆ, ನನಗಿಂತ ಬಹಳ ಚಿಕ್ಕವಳು. ಕೆಲಸದ ಮೇಲೆ ಸಿಂಧನೂರಿಗೆ ಬಂದಾಗೆಲ್ಲ ಗಾಜಿಗೆ ಹಣೆ ಹಚ್ಚಿ ಒಳಗೆ ನೋಡುತ್ತಿದ್ದಳು.

"ಅಣ್ಣಾರ, ಒಂದಿನ ನಾ ಅಲ್ಲಿ ಕೂಡ್ತೀನಿ ನೋಡ್ರಿ."

"ಕೂಡು ತಂಗಿ. ಫ್ಯಾನಿನ ಗಾಳಿ ಛಲೋ ಬರ್ತೈತಿ."

"ಗಾಳಿ ನಮ್ಮ ಹೊಲದಾಗೂ ಬರ್ತೈತ್ರಿ. ನನಗ ಆ ಯಂತ್ರ ಬೇಕು."

ಯೂರಿಯಾ ಹೋದ ಮರುವಾರ ಕಾಗದ ತರಲು ನಾನೇ ಮಸ್ಕಿಗೆ ಹೋದೆ. ಅವಳು ಮಂಡಕ್ಕಿ, ಮಿರ್ಚಿ ತರಿಸಿದಳು. ತಿನ್ನುತ್ತಾ ನಾನು, ಎಲ್ಲ ನಂಬರು ಅಳಿಸಿ ಹೊಸದಾಗಿ ಕೊಡಬೇಕೇನೋ ಎಂದು ಗೋಳಾಡಿದೆ.

"ಯಾಕ ಅಳಿಸ್ತೀರಿ? ನಮ್ಮೂರಾಗ ಒಂದ ಹೆಸರಿನವ್ರು ಏಳು ಮಂದಿ ಅದಾರ. ಒಬ್ರೂ ಹೆಸರು ಬದಲು ಮಾಡಿಲ್ಲ. ಮನೆತನ ಹಚ್ಚಿ ಕರೀತೀವಿ. ಕಾಗದಕ್ಕೂ ಹಂಗ ಹಚ್ರಿ. ಮೊದಲ ಊರು, ಆಮ್ಯಾಲ ಕೆಲಸ, ಕಡೀಗೆ ನಂಬರು. ಮಸ್ಕಿ, ಬೀಜ, ಮೂರು. ಅವರವರ ಮನಿಯೊಳಗ ಅವರವರು ಏನರ ಹೆಸರಿಟ್ಕೊಳ್ಳಲಿ."

"ತಾರೀಖು, ರೈತನ ಹೆಸರು ಎಲ್ಲಾ ಕಾಗದದಾಗೂ ಅದಾವಲ್ಲ. ಅವು ಯಾರ ಮನೆತನ?"

"ಅವು ಊರ ಬಾವಿ ಇದ್ದಂಗ್ರಿ. ಎಲ್ಲರೂ ಸೇದ್ತಾರ, ಯಾರ ಮನಿಗೂ ಸೇರೂದಿಲ್ಲ. ಅವನ್ನ ಬ್ಯಾರೆ ಇಡ್ರಿ."

ಬೀಜದ ಚೀಲದ ಚೀಟಿಯೊಂದರ ಹಿಂದೆ ಎಲ್ಲ ಬರೆದುಕೊಟ್ಟಳು. "ಸಾಹುಕಾರ್ರಿಗೆ ತೋರಸ್ರಿ. ನನ್ನ ಹೆಸರು ಹೇಳೋದು ಮರೀಬ್ಯಾಡ್ರಿ ಮತ್ತ."

ಮರೆಯಲಿಲ್ಲ. ಮರೆತಿದ್ದರೆ ಇಂದು ಇದನ್ನು ಬರೆಯುತ್ತಿರಲಿಲ್ಲ. ಬಸ್ಸಿನಲ್ಲಿ ಕೂತು ಆ ಚೀಟಿಯಲ್ಲಿದ್ದುದನ್ನು ನನ್ನ ಕೈಬರಹದಲ್ಲಿ ಇನ್ನೊಂದು ಹಾಳೆಗೆ ಇಳಿಸಿಕೊಂಡೆ. ಮೂಲ ಚೀಟಿಯನ್ನು ಕಿಟಕಿಯಿಂದ ಹೊರಗೆ ಬಿಟ್ಟೆ. ಹಾಳೆ ಓದಿದ ಸಾಹುಕಾರರು, "ಇದು ಯಾರ ತಲಿ?" ಎಂದರು. "ನಂದ್ರಿ" ಎಂದೆ.

ಆಮೇಲಿನದೆಲ್ಲ ಸಂತೋಷವೇ, ಸುಳ್ಳು ಹೇಳಲಾರೆ. ರಾಯಚೂರಿನಲ್ಲಿ ಕಲಿತು ಬಂದೆ. ಕೋಣೆ ನನ್ನದಾಯಿತು. ಹಾಳೆಯ ಕ್ರಮವನ್ನೇ ಯಂತ್ರಕ್ಕೆ ಕಲಿಸಿದೆ. ಒಂದೊಂದು ಕಾಗದವೂ ತನ್ನ ಮನೆಯ ಬಾಗಿಲು ಹುಡುಕಿಕೊಂಡು ಹೋಗುವುದನ್ನು ನೋಡುವ ಸುಖ, ಹೊಲದಲ್ಲಿ ನೀರು ಮಡಿಯಿಂದ ಮಡಿಗೆ ತಿರುಗಿದಂತೆ. ಲಿಂಗಸುಗೂರಿನಿಂದ ಫೋನು: "ಇವತ್ತ ನಟ್ಟ ಬಂದಾವ್ರಿ. ಡಬ್ಬಿ ಝಾಡಿಸಿ ನೋಡಿದೆ, ಒಂದು ಕಾಳು ಯೂರಿಯಾ ಇಲ್ಲ." ಮುಂದೆ ಹಟ್ಟಿಯಲ್ಲಿ ನಾಲ್ಕನೇ ಅಂಗಡಿ ತೆರೆದಾಗ, ಅವರೂ ಒಂದು, ಎರಡು, ಮೂರು ಎಂದೇ ಶುರುಮಾಡಿದರು. ಹಳೆಯ ಮೂರು ಅಂಗಡಿಯವರಿಗೆ ಅದು ಗೊತ್ತೇ ಆಗಲಿಲ್ಲ, ಒಂದು ಕಾಗದವೂ ದಾರಿ ತಪ್ಪಲಿಲ್ಲ. ಅಂದು ಇಡೀ ಅಂಗಡಿಗೆ ಜಿಲೇಬಿ ಹಂಚಿದೆ.

ರಾಯಚೂರಿಗೆ ಹೊರಡುವ ಮುನ್ನ ಸಾಹುಕಾರರು ನನಗೆ ಶಾಲು ಹೊದಿಸಿದ್ದರು. ಮೂರೂ ಊರಿನವರು ಬಂದಿದ್ದರು. ನನ್ನ ಹಾಳೆಗೆ ಕಟ್ಟು ಹಾಕಿಸಿ ಗೋಡೆಗೆ ತೂಗಿಬಿಟ್ಟಿದ್ದರು. ಮಸ್ಕಿಯಿಂದ ಬಂದಿದ್ದ ಅವಳು ಅದರ ಮುಂದೆ ನಿಂತು ಮೊದಲಿನಿಂದ ಕೊನೆಯವರೆಗೆ ಓದಿದಳು. ನಾನು ಶಾಲು ಸರಿಮಾಡಿಕೊಳ್ಳುತ್ತಿದ್ದೆ.

"ಅಕ್ಷರ ಛಲೋ ಅದಾವ್ರಿ, ಅಣ್ಣಾರ" ಎಂದಳು. ಎಲ್ಲರ ಜೊತೆ ಚಪ್ಪಾಳೆಯನ್ನೂ ತಟ್ಟಿದಳು.

ಗಾಜಿಗೆ ಹಣೆ ಹಚ್ಚಲು ಮತ್ತೆಂದೂ ಬರಲಿಲ್ಲ. ಚೀಲ ಮಾತ್ರ ಬರುತ್ತಿತ್ತು, ಒಳಗಿನ ಕಾಗದಗಳ ಮೇಲೆ ಅವಳ ದುಂಡಗಿನ ಕೈಬರಹ, ಒಂದೂ ತಪ್ಪಿಲ್ಲದೆ. ತಪ್ಪಾಯಿತು ತಂಗಿ ಎಂದು ಒಂದು ಸಾಲು ಬರೆದು ಖಾಲಿ ಚೀಲದಲ್ಲಿ ಹಾಕಿದ್ದರೆ, ಅದೇ ಸಂಜೆಯ ಬಸ್ಸಿಗೆ ಅವಳಿಗೆ ಮುಟ್ಟುತ್ತಿತ್ತು. ಹಾಕಲಿಲ್ಲ. ಆ ಸಾಲು ಯಾರಿಗೆ ಹೋಗಬೇಕಿತ್ತೆಂದು ಅವಳು ಕಲಿಸಿದ ಕ್ರಮದಲ್ಲೇ ಬರೆಯುತ್ತೇನೆ, ವಿಳಾಸ ತಪ್ಪಬಾರದು. ಊರು, ಮಸ್ಕಿ. ಕೆಲಸ, ಬೀಜ. ಹೆಸರು, ಬಳಗಾನೂರಿನ ಬಸ್ಸಿಗೆ ಬರುತ್ತಿದ್ದ ಗುಮಾಸ್ತೆ, ನನ್ನನ್ನು ಅಣ್ಣ ಎಂದು ಕರೆದವಳು.