ಲೋಟಕ್ಕೊಂದು ಬನಿಯನ್

ಮಗಳ ನಿಶ್ಚಿತಾರ್ಥಕ್ಕೆ ಎರಡು ವಾರ ಇರುವಾಗ ನಮ್ಮ ಬಸವೇಶ್ವರನಗರದ ಮನೆಗೆ ಸ್ಪಂಜಿನಂಥ ಬಟ್ಟೆಯ ಎಂಬತ್ತು ಪುಟ್ಟ ಚೀಲಗಳು ಬಂದು ಬಿದ್ದವು. ಅಂಗೈಯಷ್ಟು ಉದ್ದ, ತಳ ಮುಚ್ಚಿದೆ, ಬಾಯಿ ತೆರೆದಿದೆ. ತಂಪು ಪಾನೀಯದ ಕ್ಯಾನಿಗೆ ತೊಡಿಸುವ ಕವರ್ ಅಂತೆ. ಕ್ಯಾನ್ ತಣ್ಣಗೇ ಇರುತ್ತದೆ, ಹಿಡಿದವರ ಕೈ ಒದ್ದೆಯಾಗುವುದಿಲ್ಲ ಎಂದು ಮಗಳು ವಿವರಿಸಿದಳು. ತಾರಸಿಯ ಶಾಮಿಯಾನದಡಿ ಬಂದವರಿಗೆಲ್ಲ ಒಂದೊಂದು ಕ್ಯಾನ್ ಕೊಡುವುದು, ಅದರ ಕವರ್ ಮೇಲೆ ನಾವೇ ಮನೆಯಲ್ಲಿ ಅಂಟಿಸಿದ ಚಿತ್ರ ಇರುವುದು, ಹೋಗುವಾಗ ಅವರು ಕವರನ್ನು ನೆನಪಿಗೆಂದು ಒಯ್ಯುವುದು, ಇದು ಅವಳ ಯೋಜನೆ.

"ತೆಂಗಿನಕಾಯಿ, ಕುಬಸದ ಕಣ ಕೊಡೋದು ಬಿಟ್ಟು ಇದೇನೇ ಇದು?" ಎಂದೆ.

"ಅದೂ ಕೊಡೋಣ, ಇದೂ ಕೊಡೋಣ. ನೀನು ಸುಮ್ನೆ ಸಹಾಯ ಮಾಡಮ್ಮ."

ನನಗೂ ಕೈಕೆಲಸಕ್ಕೂ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಮದುವೆಯಾದ ಹೊಸದರಲ್ಲಿ ನಾನು ಹೊಲಿದ ದಿಂಬಿನ ಚೀಲದೊಳಕ್ಕೆ ಯಾವ ದಿಂಬೂ ಹೋಗಲಿಲ್ಲ. ವಿಮಾ ಕಚೇರಿಯಲ್ಲಿ ಇಪ್ಪತ್ತು ವರ್ಷದಿಂದ ಕಾಗದ ತಿದ್ದುತ್ತಿರುವ ಕೈ ಇದು. ಆದರೂ ಒಪ್ಪಿಕೊಂಡೆ, ಏಕೆಂದರೆ ಆ ದಿನಗಳಲ್ಲಿ ನನ್ನ ತಲೆಯಲ್ಲಿ ಬೇರೆಯೇ ಒಂದು ಚಿಂತೆ ಕೊರೆಯುತ್ತಿತ್ತು. ಕೈಗೆ ಏನಾದರೂ ಕೆಲಸ ಬೇಕಿತ್ತು.

ಚಿಂತೆ ನಮ್ಮ ಅತ್ತೆಯದು. ಅವರಿಗೆ ಎಪ್ಪತ್ತೆಂಟು. ದಾವಣಗೆರೆ ಕಡೆಯಿಂದ ಈ ಊರಿಗೆ ಬಂದು ನಲವತ್ತು ವರ್ಷವಾದರೂ ಮಾತಿನ ಖಾರ ಇಳಿದಿಲ್ಲ. ನಮ್ಮ ರಸ್ತೆಯಲ್ಲಿ ಅವರು ಕಾಫಿ ಕುಡಿಯದ ಮನೆ ಇರಲಿಲ್ಲ. ಆದರೆ ಈಚೆಗೆ ಕೈ ನಡುಗಲು ಶುರುವಾಗಿತ್ತು. ಡಾಕ್ಟರು ಪರೀಕ್ಷೆ ಮಾಡಿ, ವಯಸ್ಸಿನ ನಡುಕ, ಹೆದರುವಂಥದ್ದೇನಿಲ್ಲ ಎಂದಿದ್ದರು. ಕಳೆದ ದೀಪಾವಳಿಯಲ್ಲಿ ವಿಜಯನಗರದ ನೆಂಟರ ಮನೆಗೆ ಹೋದಾಗ ಬಿಸಿ ಕಾಫಿಯ ಲೋಟ ಅವರ ಕೈಯಿಂದ ಜಾರಿ ಹೊಸ ಬಿಳಿ ಸೋಫಾದ ಮೇಲೆ ಮಗುಚಿತು. "ಪರವಾಗಿಲ್ಲ, ಪರವಾಗಿಲ್ಲ" ಎನ್ನುತ್ತಲೇ ಮೂರು ಜನ ಬಟ್ಟೆ ಹಿಡಿದು ಓಡಿ ಬಂದರು. ಒರೆಸಿದ್ದು ಸೋಫಾವನ್ನು. ಅತ್ತೆ ಒದ್ದೆ ಸೀರೆಯಲ್ಲಿ ತಲೆ ತಗ್ಗಿಸಿ ಕುಳಿತೇ ಇದ್ದರು.

ಅಲ್ಲಿಂದ ಮುಂದೆ ಅವರು ಯಾರ ಮನೆಗೂ ಹೋಗಲಿಲ್ಲ. ಮನೆಯಲ್ಲೂ ಅಷ್ಟೆ, ಕಾಫಿಯನ್ನು ಪೂರ್ತಿ ಆರಿಸಿ, ಲೋಟವನ್ನು ಸೆರಗಿನಲ್ಲಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದು, ಗೋಡೆಯ ಕಡೆ ತಿರುಗಿ ಕುಡಿಯುತ್ತಿದ್ದರು. ನಿಶ್ಚಿತಾರ್ಥದ ದಿನ ಗೊತ್ತಾದ ಮೇಲಂತೂ ನನ್ನನ್ನು ಕರೆದು ಹೇಳಿಬಿಟ್ಟರು.

"ನಾನು ಒಳಗಿನ ಕೋಣ್ಯಾಗೆ ಇರ್ತೀನವ್ವ. ಬೀಗರು ಕೇಳಿದ್ರೆ ಆರಾಮಿಲ್ಲ, ಮಲಗ್ಯಾರೆ ಅಂತ ಹೇಳು."

"ನಿಮ್ಮ ಮೊಮ್ಮಗಳ ಕಾರ್ಯ ಅತ್ತೆ!"

"ಅದಕ್ಕೇ ಹೇಳಿದ್ದು. ಎರಡೂ ಕಡೆ ಅಜ್ಜೀರನ್ನ ಜೋಡಿ ಕೂರಿಸಿ ಕಾಫಿ ಕೊಡ್ತಾರೆ. ಎಲ್ಲರ ಕಣ್ಣೂ ಅಲ್ಲೇ ಇರ್ತದೆ. ಅವಳ ಕಾರ್ಯದಾಗೆ ನಾನು ಲೋಟ ಚೆಲ್ಲಿ ಕೂರಲಾ?"

ಅವರ ಮಡಿಲಲ್ಲೇ ಬೆಳೆದವಳು ನನ್ನ ಮಗಳು. ನಾನು ಕಚೇರಿಗೆ ಹೋದರೆ ಅವಳಿಗೆ ಉಣ್ಣಿಸಿ, ತಲೆ ಬಾಚಿ, ಶಾಲೆಗೆ ಬಿಟ್ಟು ಬಂದವರು ಇವರು. ಆ ದಿನ ಕೋಣೆಯ ಬಾಗಿಲು ಹಾಕಿಕೊಂಡು ಕೂರುತ್ತಾರೆ ಎಂಬುದನ್ನು ನೆನೆದರೇ ನನಗೆ ಅಳು ಬರುತ್ತಿತ್ತು. ಮಗಳಿಗೆ ಹೇಳುವ ಧೈರ್ಯ ಆಗಲಿಲ್ಲ.

ಇತ್ತ ಕವರಿನ ಕೆಲಸ ಶುರುವಾಯಿತು. ಗೆಳತಿಯೊಬ್ಬಳಿಂದ ಮಗಳು ಕಟಿಂಗ್ ಮಷೀನ್ ತಂದಿದ್ದಳು. ಕಂಪ್ಯೂಟರಿನಲ್ಲಿ ಬರೆದ ಚಿತ್ರವನ್ನು ಅದು ತೆಳ್ಳನೆಯ ವಿನೈಲ್ ಹಾಳೆಯ ಮೇಲೆ ಗೆರೆ ಹಿಡಿದು ಕತ್ತರಿಸುತ್ತದೆ. ಚಿತ್ರದ ಸುತ್ತಲಿನ ಬೇಡದ ಚೂರುಗಳನ್ನು ಸೂಜಿಯ ಮೊನೆಯಿಂದ ಎಬ್ಬಿಸಿ ತೆಗೆಯಬೇಕು. ಉಳಿದ ಚಿತ್ರ ಒಂದು ಪಾರದರ್ಶಕ ಹಾಳೆಗೆ ಅಂಟಿಕೊಂಡಿರುತ್ತದೆ. ಅದನ್ನು ಕವರಿನ ಮೇಲಿಟ್ಟು ಬಿಸಿ ಇಸ್ತ್ರಿ ಪೆಟ್ಟಿಗೆ ಒತ್ತಿದರೆ ಚಿತ್ರ ಬಟ್ಟೆಗೆ ಹಿಡಿದುಕೊಳ್ಳುತ್ತದೆ, ಆಮೇಲೆ ಮೇಲಿನ ಹಾಳೆ ಸುಲಿದರೆ ಮುಗಿಯಿತು. ಹೇಳುವುದಕ್ಕೆ ಇಷ್ಟೇ.

ಮೊದಲು ಮಗಳು ಕತ್ತರಿಸಿದ್ದು ಮೂರೆಲೆಯ ಬಿಲ್ವಪತ್ರೆ. ಚೆಂದವಾಗಿಯೇ ಇತ್ತು. ಕುರ್ಚಿಯಲ್ಲಿ ಕುಳಿತು ಉಸ್ತುವಾರಿ ಮಾಡುತ್ತಿದ್ದ ಅತ್ತೆ ಹೌಹಾರಿದರು.

"ಏನೇ ಹುಡುಗಿ! ನಾನು ದಿನಾ ಬೆಳಗ್ಗೆ ಲಿಂಗದ ಮ್ಯಾಲೆ ಇಡೋ ಎಲೇನ ಸೋಡಾ ಡಬ್ಬಿ ಮ್ಯಾಲೆ ಮೆತ್ತುತೀಯಾ? ಕುಡಿದು ಎಲ್ಲಂದ್ರಲ್ಲಿ ಎಸೆದು ಹೋಗ್ತಾರೆ."

"ಅಯ್ಯೋ, ಅದು ಹೊಳೀಲೇ ಇಲ್ಲ ಅಜ್ಜಿ."

"ಜೋಳದ ತೆನೆ ಹಾಕು. ಹುಡುಗನ ಕಡೇರೂ ಜೋಳ ತಿಂದು ಬೆಳೆದೋರೇ, ನಾವೂ ಅಷ್ಟೇ."

ಹೀಗೆ ಜೋಳದ ತೆನೆ ಬಂತು. ಒಂದೊಂದು ತೆನೆಯಲ್ಲೂ ಮೂವತ್ತು ಕಾಳು, ಕಾಳುಗಳ ನಡುವೆ ಸಾಸಿವೆಯಷ್ಟು ಚೂರುಗಳು. ಎಂಬತ್ತು ತೆನೆಯಿಂದ ಆ ಚೂರುಗಳನ್ನೆಲ್ಲ ಹೆಕ್ಕಬೇಕು. ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ನಾನೂ ಮಗಳೂ ಸಂಜೆಗಳೆಲ್ಲ ಬಗ್ಗಿ ಕುಳಿತೆವು. ಅತ್ತೆಯ ಕೈ ನಡುಗಿದರೂ ಕಣ್ಣು ಮಾತ್ರ ಹದ್ದಿನದು. "ಅಲ್ಲೊಂದು ಉಳೀತು ನೋಡು. ಎಡಕ್ಕೆ. ನಿನ್ನ ಎಡಕ್ಕಲ್ಲ, ತೆನೇ ಎಡಕ್ಕೆ" ಎಂದು ನಮ್ಮ ಜೀವ ತಿಂದರು. ನಾನು ಎರಡು ಸಲ ಸೂಜಿ ಬಿಸಾಡಿ ಎದ್ದೆ, ಎರಡು ಸಲವೂ ಪುನಃ ಬಂದು ಕುಳಿತೆ. ನಿಜ ಹೇಳಬೇಕೆಂದರೆ ಅಷ್ಟು ನಗುತ್ತಾ ನಾವು ಮೂವರೂ ಒಟ್ಟಿಗೆ ಕೂತು ಬಹಳ ದಿನವಾಗಿತ್ತು.

ತೊಂದರೆ ಬಂದದ್ದು ಇಸ್ತ್ರಿಯಲ್ಲಿ. ಮನೆಯ ಪೆಟ್ಟಿಗೆ ಹಗುರ. ಐದು ಕವರಿಗೆ ಒತ್ತುವಷ್ಟರಲ್ಲಿ ನನ್ನ ಮಣಿಕಟ್ಟು ಬಿದ್ದುಹೋಯಿತು, ತೆನೆಗಳ ಅಂಚು ಎದ್ದೇ ಇತ್ತು. ಆಗ ನೆನಪಾದದ್ದು ರಸ್ತೆಯ ತಿರುವಿನಲ್ಲಿ ಹೊಂಗೆ ಮರದ ಕೆಳಗೆ ಗಾಡಿ ಇಟ್ಟುಕೊಂಡಿರುವ ಇಸ್ತ್ರಿಯವರು. ಅವರದು ಇದ್ದಿಲು ತುಂಬುವ ಹಳೆಯ ಪೆಟ್ಟಿಗೆ, ಎತ್ತಲು ನನ್ನಂಥವಳಿಗೆ ಎರಡು ಕೈ ಬೇಕು. ಇಪ್ಪತ್ತು ಕವರ್ ತೆಗೆದುಕೊಂಡು ಹೋದೆ.

"ಏನ್ ಮೇಡಂ ಇದು, ಪಾಪೂಗೆ ಸಾಕ್ಸಾ?"

"ಕ್ಯಾನ್ ಕವರ್ ಅಣ್ಣ. ಇದಕ್ಕೆ ಇಸ್ತ್ರಿ ಆಗ್ಬೇಕು."

"ಡಬ್ಬಿಗೂ ಇಸ್ತ್ರೀನಾ! ಆಯ್ತು, ಇಟ್ಟೋಗಿ."

ಮೇಲೆ ತೆಳುವಾದ ಬಟ್ಟೆ ಹಾಸಬೇಕು, ಹದಿನೈದು ಎಣಿಸುವವರೆಗೆ ಒತ್ತಿ ಹಿಡಿಯಬೇಕು, ಎಳೆದಾಡಬಾರದು ಎಂದೆಲ್ಲ ಹೇಳಿದೆ. ಅರ್ಧ ಗಂಟೆ ಬಿಟ್ಟು ಹೋದರೆ ಇಪ್ಪತ್ತನ್ನೂ ಶರಟಿನಂತೆ ನೀಟಾಗಿ ಪೇರಿಸಿ ಪೇಪರಿನಲ್ಲಿ ಕಟ್ಟಿಟ್ಟಿದ್ದರು. ಅಲ್ಲೇ ನಿಂತು ಒಂದರ ಹಾಳೆ ಸುಲಿದೆ. ಕಾಳುಗಳೆಲ್ಲ ಹಾಳೆಯ ಜೊತೆಗೇ ಎದ್ದು ಬಂದವು. ಇನ್ನೊಂದು ಸುಲಿದೆ, ಅರ್ಧ ತೆನೆ ಬಂತು. ಕವರ್ ಮುಟ್ಟಿ ನೋಡಿದರೆ ತೇವ.

"ನೀರು ಚಿಮುಕಿಸಿದ್ರಾ?"

"ನೀರ್ ಹಾಕ್ದೆ ಇಸ್ತ್ರಿ ಹೆಂಗಾಗತ್ತೆ ಮೇಡಂ?" ಎಂದು ಅವರು ನನ್ನನ್ನೇ ಕನಿಕರದಿಂದ ನೋಡಿದರು.

ನನ್ನ ಪಿತ್ತ ನೆತ್ತಿಗೇರಿತು. ಎಷ್ಟು ಸಂಜೆಗಳ ಚೂರು ಹೆಕ್ಕಿದ ಕೆಲಸ! ನಾಲ್ಕು ಮಾತು ಜೋರಾಗಿಯೇ ಆಡಿದೆ. ಹುಟ್ಟಿದಾಗಿನಿಂದ ನೀರು ಚಿಮುಕಿಸಿಯೇ ಇಸ್ತ್ರಿ ಹಾಕಿದ ಮನುಷ್ಯನಿಗೆ ನೀರು ಹಾಕಬೇಡಿ ಎಂದು ಹೇಳದೆ ಇದ್ದವಳು ನಾನೇ ಎಂಬುದು ಮನೆ ತಲುಪಿದ ಮೇಲೆ ಹೊಳೆಯಿತು. ಮರುದಿನ ಉಳಿದ ಅರವತ್ತನ್ನೂ ಹಿಡಿದು ಮುಖ ಸಣ್ಣದು ಮಾಡಿಕೊಂಡು ಹೋದೆ. ಅವರು ಆಗಲೇ ಅದನ್ನು ತಮ್ಮ ಕಸುಬಿನ ಮರ್ಯಾದೆಯ ಪ್ರಶ್ನೆ ಮಾಡಿಕೊಂಡಿದ್ದರು. ನೀರಿನ ಮಗ್ಗನ್ನು ಗಾಡಿಯ ಕೆಳಗೆ ದೂರ ಇಟ್ಟರು, ಕವರುಗಳನ್ನು ಬಿಸಿಲಿಗೆ ಹರವಿದರು, ಪೆಟ್ಟಿಗೆಯನ್ನು ಕೆನ್ನೆಯ ಹತ್ತಿರ ತಂದು ಶಾಖ ನೋಡಿದರು, ಒಂದೊಂದಕ್ಕೂ ಹದಿನೈದು ಎಂದು ಗಟ್ಟಿಯಾಗಿ ಎಣಿಸಿದರು. ಬಟ್ಟೆ ತೆಗೆದುಕೊಂಡು ಹೋಗಲು ಬಂದವರೂ ನಿಂತು ಜೊತೆಗೆ ಎಣಿಸಿದರು. ಆ ತೆನೆಗಳು ಹಿಡಿದ ಹಿಡಿತಕ್ಕೆ ಉಗುರಿನಿಂದ ಕೆರೆದರೂ ಒಂದು ಕಾಳೂ ಏಳಲಿಲ್ಲ.

ಕೆಟ್ಟ ಇಪ್ಪತ್ತನ್ನು ಅಡುಗೆಮನೆಯ ಬುಟ್ಟಿಯಲ್ಲಿ ಸುರಿದಿದ್ದೆ. ಅದೊಂದು ಭಾನುವಾರ, ನಾಲ್ಕು ಗಂಟೆಯ ಕಾಫಿ ಸೋಸಿ ಅತ್ತೆಯ ಲೋಟ ಕಟ್ಟೆಯ ಮೇಲಿಟ್ಟು, ತಾರಸಿಯ ಬಟ್ಟೆ ತರಲು ಹೋದೆ. ಇಳಿದು ಬಂದು ನೋಡುತ್ತೇನೆ, ಅತ್ತೆ ಕಿಟಕಿಯ ಪಕ್ಕ ನಿಂತು ಕಾಫಿ ಕುಡಿಯುತ್ತಿದ್ದಾರೆ. ಒಂದೇ ಕೈಯಲ್ಲಿ! ಕಾಫಿಯಿಂದ ಇನ್ನೂ ಹಬೆ ಏಳುತ್ತಿದೆ. ಲೋಟಕ್ಕೆ ಅರ್ಧ ತೆನೆ ಸುಲಿದುಹೋದ ಕವರ್.

"ಸ್ಟೀಲು ಜಾರ್ತದೆ ಕಣವ್ವ, ಇದು ಜಾರಲ್ಲ. ದಪ್ಪಗೈತೆ, ಸುಡೋದೂ ಇಲ್ಲ" ಎಂದರು, ಬಹಳ ಸಾಮಾನ್ಯ ವಿಷಯ ಎನ್ನುವಂತೆ. ಆಮೇಲೆ ದನಿ ತಗ್ಗಿಸಿ, "ಕಾಫಿ ಲೋಟ ಇದ್ರೊಳಗೆ ಮುಳುಗಿಹೋಗ್ತದೆ. ಅದಕ್ಕೆ ನೀರಿನ ಲೋಟಕ್ಕೆ ಬಗ್ಗಿಸ್ಕೊಂಡೆ. ಅರ್ಧ ಲೋಟ ಅಂದ್ರೆ ನೋಡೋಕೆ ಚೆನ್ನಾಗಿರಲ್ಲ, ಇನ್ನೊಂದಿಷ್ಟು ಹಾಕು" ಎಂದರು.

ಕಾಫಿ ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದನ್ನೂ ಮರೆತು ತುಂಬಿಸಿಕೊಟ್ಟೆ. ಕೈ ನಡುಗುತ್ತಲೇ ಇತ್ತು, ಲೋಟ ಮಾತ್ರ ಕೈಯಲ್ಲೇ ಇತ್ತು. ಸಂತೋಷಕ್ಕೆ ಅವರನ್ನು ತಬ್ಬಿಕೊಳ್ಳಲು ಹೋದೆ, "ಏ, ಚೆಲ್ಲಿಸ್ಬ್ಯಾಡ" ಎಂದು ಗದರಿದರು.

"ಹಾಗಾದ್ರೆ ನಿಶ್ಚಿತಾರ್ಥಕ್ಕೆ ಹೊರಗೆ ಬರ್ತೀರಿ ತಾನೆ?"

ಅವರ ಮುಖ ಬಾಡಿತು. "ಮನ್ಯಾಗೆ ಸರಿ. ಬೀಗರ ಮುಂದೆ ನಾನೊಬ್ಬಳೇ ಲೋಟಕ್ಕೆ ಬನಿಯನ್ ಹಾಕ್ಕೊಂಡು ಕೂರಲಾ? ಯಾಕೆ ಅಂತ ಕೇಳಿದ್ರೆ?"

"ಕೇಳಿದ್ರೆ ಕೇಳ್ಲಿ!" ಎಂದು ಕೂಗಿದೆ. ಅವರೂ ಕೂಗಿದರು. ಅತ್ತೆ ಸೊಸೆಯ ಜಗಳ ಕೇಳಿ ಮಗಳು ಓಡಿ ಬಂದಳು, ಕೋಣೆಯೊಳಗೆ ಕೂರುವ ಕಥೆ ಅವಳಿಗೆ ಆಗಲೇ ಗೊತ್ತಾದದ್ದು. ಅವಳು ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ನಮ್ಮಿಬ್ಬರನ್ನೂ ನೋಡಿ ಹೇಳಿದಳು: "ಕ್ಯಾನೇ ಬೇಡ ಬಿಡಿ. ಎಲ್ರಿಗೂ ಕಾಫಿ. ಎಲ್ಲಾ ಲೋಟಕ್ಕೂ ಬನಿಯನ್. ಆಗ ಯಾರು ಯಾರನ್ನ ಕೇಳ್ತಾರೆ?"

ಅತ್ತೆ ಲೋಟದ ಕವರನ್ನು ಮೇಲಕ್ಕೆಳೆದು ಸರಿಮಾಡಿಕೊಂಡರು. ಬೇಡ ಎನ್ನಲಿಲ್ಲ.

ಆಮೇಲಿನ ಮೂರು ದಿನ ನಾನು ಕವರೊಂದನ್ನು ಕೈಯಲ್ಲಿ ಹಿಡಿದು ಮನೆಮನೆಗೆ ಅಲೆದೆ, ಸರಿಯಾದ ಗಾತ್ರದ ಲೋಟ ಹುಡುಕಿಕೊಂಡು. ಮಹಡಿಯ ಬಾಡಿಗೆಯವರ ಲೋಟಗಳು ಅಳತೆ ಕೊಟ್ಟು ಮಾಡಿಸಿದಂತೆ ಹೊಂದಿದವು. ಎದುರು ಮನೆಯವರದು ಬಿಗಿ. ಎಲ್ಲ ಲೋಟದ ಮೇಲೂ ಅವರವರ ಮನೆಯ ಹೆಸರು ಕೊರೆದಿತ್ತು, ಕವರ್ ಹಾಕಿದರೆ ಎಲ್ಲ ಹೆಸರೂ ಮುಚ್ಚಿ ಬರೀ ಜೋಳದ ತೆನೆ. ನೋಡಲು ಎಷ್ಟು ಖುಷಿಯಾಯಿತು ಎಂದರೆ ಅಡುಗೆಯವರು ಬರುವ ಮೊದಲೇ ಎರಡು ಸಲ ಸಾಲಾಗಿ ಜೋಡಿಸಿ ನೋಡಿದೆ. ಕೆಟ್ಟವೂ ಸೇರಿ ಎಲ್ಲವನ್ನೂ ಬಳಸಿದೆವು.

ನಿಶ್ಚಿತಾರ್ಥದ ಬೆಳಗ್ಗೆ ಅತ್ತೆ ಹಸಿರು ಇಳಕಲ್ ಸೀರೆ ಉಟ್ಟು ಯಾರೂ ಕರೆಯದೆಯೇ ತಾರಸಿಗೆ ಬಂದರು. ಕೆಂಗೇರಿಯಿಂದ ಬೀಗರು ಬಂದರು. ಹುಡುಗನ ಅಜ್ಜಿಯನ್ನು ಅತ್ತೆಯ ಪಕ್ಕದಲ್ಲೇ ಕೂರಿಸಿದರು. ಕಾಫಿ ಬಂತು, ಜನ ಲೋಟ ನೋಡಿ ನಕ್ಕರು, ತಿರುಗಿಸಿ ನೋಡಿದರು, ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಅತ್ತೆ ತಮ್ಮ ಲೋಟವನ್ನು ಒಂದೇ ಕೈಯಲ್ಲಿ ಎತ್ತಿ ಒಂದು ಗುಟುಕು ಕುಡಿದದ್ದನ್ನು ನಾನು ಮೆಟ್ಟಿಲ ಬಳಿಯಿಂದ ಕಂಡೆ.

ತಟ್ಟೆ ಹುಡುಗನ ಅಜ್ಜಿಯ ಮುಂದೆ ಹೋದಾಗ ಆಕೆ ತಲೆಯಾಡಿಸಿದರು. "ನನಗೆ ಬೇಡ ತಾಯಿ. ಕಾಫಿ ಅಭ್ಯಾಸ ಇಲ್ಲ."

"ಏನಮ್ಮಾ, ದಿನಕ್ಕೆ ನಾಲ್ಕು ಸಲ ಕುಡೀತೀಯಲ್ಲ?" ಎಂದರು ಪಕ್ಕದಲ್ಲಿದ್ದ ಅವರ ಮಗ. ಆಕೆ ಕಿವಿಗೆ ಬೀಳದವರಂತೆ ಎಲ್ಲೋ ನೋಡಿದರು. ಎರಡೂ ಕೈ ಸೆರಗಿನ ಒಳಗಿದ್ದವು.

ಅತ್ತೆ ಆ ಸೆರಗನ್ನು ಒಂದು ಕ್ಷಣ ನೋಡಿದರು. ಆಮೇಲೆ ತಾರಸಿಗೆಲ್ಲ ಕೇಳುವ ದನಿಯಲ್ಲಿ ಶುರುಮಾಡಿದರು. "ಅಮ್ಮಾರೇ, ದೀಪಾವಳಿಯಾಗೆ ನಾನೊಂದು ಘನ ಕೆಲಸ ಮಾಡಿದೆ ಕೇಳ್ರಿ. ನೆಂಟರ ಮನೆ, ಬಿಳೀ ಸೋಫಾ, ಕುಂತ್ರೆ ಕೊಳೆ ಆಗ್ತದೇನೋ ಅನ್ನೋ ಹಂಗಿತ್ತು. ನನ್ನ ಕೈ ನೋಡ್ರಿ, ಹಿಂಗೆ ಕುಣೀತದೆ..." ನಡುಗುವ ಕೈಯನ್ನು ಎಲ್ಲರ ಮುಂದೆ ಚಾಚಿ ತೋರಿಸಿದರು. ಲೋಟ ಹೇಗೆ ಹಾರಿತು, ಮೂರು ಜನ ಹೇಗೆ ಓಡಿ ಬಂದರು, ತಮ್ಮನ್ನು ಬಿಟ್ಟು ಸೋಫಾವನ್ನು ಹೇಗೆ ಉಪಚರಿಸಿದರು ಎಂದು ಅಭಿನಯಿಸಿಯೇ ಹೇಳಿದರು. ಇಷ್ಟು ತಿಂಗಳು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಡದಿದ್ದ ಮಾತು ಅದು. ತಾರಸಿಯ ಜನವೆಲ್ಲ ನಕ್ಕರು. ಹುಡುಗನ ಅಜ್ಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಕಣ್ಣೊರೆಸಿಕೊಳ್ಳಲು ಸೆರಗಿನಿಂದ ಕೈ ಹೊರಗೆ ತೆಗೆದರು. ಅವೂ ನಡುಗುತ್ತಿದ್ದವು.

ಅತ್ತೆ ತಟ್ಟೆಯಿಂದ ಲೋಟ ಎತ್ತಿ ಆಕೆಯ ಕೈಗಿಟ್ಟು, ಅದರ ಮೇಲೆ ತಮ್ಮ ಕೈಯಿಟ್ಟರು. ಸೆರಗಿನ ಮೇಲೆ ಎರಡು ಹನಿ ಚೆಲ್ಲಿತು. ಇಬ್ಬರೂ ಅದನ್ನು ನೋಡಲೇ ಇಲ್ಲ.