ಐದು ಲಕ್ಷ ಓಡಿದ ಇಂಜಿನ್

ಹಳೇ ಕಾರು ಕೊಳ್ಳುವವರ ಜೊತೆ ಹೋಗಿ ಇಂಜಿನ್ ನೋಡಿ ಹೇಳುವುದು ನನ್ನ ಕೆಲಸ. ಒಮ್ಮೆ ಮಾಲೂರಿನ ಗಿರಾಕಿಯೊಬ್ಬರನ್ನು ಕರೆದುಕೊಂಡು ಸುಗಟೂರಿನ ವೆಂಕಟರಮಣಪ್ಪನವರ ಮನೆಗೆ ಹೋಗಿದ್ದೆ. ನರಸಾಪುರದ ಕಾರ್ಖಾನೆಗೆ ದಿನಾ ಜನರನ್ನು ಸಾಗಿಸಿದ ಡೀಸೆಲ್ ಕಾರು ಅವರದು. ಮೀಟರ್ ನಾಲ್ಕು ಲಕ್ಷ ಕಿಲೋಮೀಟರ್ ತೋರಿಸುತ್ತಿತ್ತು.

"ನಡುವೆ ಎರಡು ವರ್ಷ ಮೀಟರ್ ಕೆಟ್ಟಿತ್ತು ಸಾರ್. ಇನ್ನೊಂದು ಲಕ್ಷ ಸೇರಿಸ್ಕೊಳ್ಳಿ," ಅಂದರು ಅವರೇ.

ಮೀಟರನ್ನು ಹಿಂದಕ್ಕೆ ತಿರುಗಿಸುವವರನ್ನೇ ಕಂಡಿದ್ದ ನನಗೆ ಆಶ್ಚರ್ಯವಾಯಿತು. ಇಂಜಿನ್ ಚಾಲೂ ಮಾಡಿಸಿ ಆಯಿಲ್ ಮುಚ್ಚಳ ತೆಗೆದೆ. ಸವೆದ ಇಂಜಿನ್ ಆಗಿದ್ದರೆ ಅಲ್ಲಿಂದ ಹೊಗೆ ಬರಬೇಕು. ಬರಲಿಲ್ಲ.

"ಬಿಚ್ಚಿ ರಿಪೇರಿ ಮಾಡಿಸಿದ್ದೀರಾ?"

"ಒಂದ್ಸಲಾನೂ ಇಲ್ಲ. ಆಯಿಲ್ ಮಾತ್ರ ತಪ್ಪದೆ ಬದಲಾಯಿಸ್ತೀನಿ. ಬೇರೆಯವರ ಕೈಗೆ ಕೊಡಲ್ಲ."

"ಮತ್ತೆ ಮಾರೋದು ಯಾಕೆ?"

"ಐದು ಲಕ್ಷ ಓಡೈತೆ. ಎಲ್ಲಿ ದಾರೀಲಿ ಕೈ ಕೊಡ್ತದೋ ಅಂತ ಭಯ."

"ಭಯ ಏನೂ ಬೇಡ. ಇನ್ನೊಂದು ಲಕ್ಷ ಆರಾಮಾಗಿ ಓಡುತ್ತೆ," ಅಂದೆ, ಗಿರಾಕಿಗೂ ಕೇಳಿಸಲಿ ಎಂದು.

ವೆಂಕಟರಮಣಪ್ಪ ಇಂಜಿನ್ ನಿಲ್ಲಿಸಿದರು. ಆಮೇಲೆ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡರು. "ಹಂಗಾದ್ರೆ ನಾನೇ ಓಡಿಸ್ತೀನಿ ಬಿಡಿ ಸಾರ್. ಕಾಫಿ ಕುಡಿದು ಹೋಗಿ."

ಗಿರಾಕಿ ಮಾಲೂರು ತಲುಪುವವರೆಗೂ ನನ್ನನ್ನು ಬೈಯುತ್ತಲೇ ಇದ್ದರು. ಇಂಜಿನ್ ಚೆನ್ನಾಗಿದ್ದರೆ ಈಗ ನಾನು ಮಾಲೀಕರ ಮುಂದೆ ಸುಮ್ಮನೆ ತಲೆ ಕೆರೆದುಕೊಳ್ಳುತ್ತೇನೆ.